ಮೆತ್ತನೆ ಪೇಂಟಿಗೆ ಯಾವ ಪ್ಯಾಡ್?

ಕಳೆದ ವರ್ಷ ಆಯುಧಪೂಜೆಗೆ ಇನ್ನೂ ನಾಲ್ಕು ದಿನ ಇರುವಾಗ, ಹಾಸನದಲ್ಲಿ ನಮ್ಮ ಮಾವನ ಕಾರಿನ ಬಾನೆಟ್ ಹಾಳು ಮಾಡಿದೆ. ಮೊದಲೇ ಹೇಳಿಬಿಡ್ತೀನಿ, ತಪ್ಪು ಪೂರ್ತಿ ನನ್ನದೇ. ಮಷೀನ್‌ದಲ್ಲ, ಪಾಲಿಶ್‌ದಲ್ಲ, ಕಾರಿನದಂತೂ ಅಲ್ಲವೇ ಅಲ್ಲ.

ಅದು ಎಂಟು ವರ್ಷ ಹಳೆಯ ಕಪ್ಪು ಸೆಡಾನ್, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಮಾವನಿಗೆ ಅದರ ಮೇಲೆ ಸ್ವಂತ ಮಗನ ಮೇಲಿಗಿಂತ ಒಂಚೂರು ಜಾಸ್ತಿ ಪ್ರೀತಿ. ದಿನಾ ಬೆಳಿಗ್ಗೆ ಒಣಬಟ್ಟೆ ತಗೊಂಡು ಧೂಳು ಒರೆಸೋದು ಅವರ ಅಭ್ಯಾಸ. ಆ ಪ್ರೀತಿಯ ಫಲವಾಗಿ ಬಿಸಿಲಿನಲ್ಲಿ ನಿಂತರೆ ಇಡೀ ಕಾರಿನ ಮೇಲೆ ಜೇಡರ ಬಲೆ ಹಾಸಿದ ಹಾಗೆ ಸಣ್ಣ ಸಣ್ಣ ಗೆರೆ. ನಾನೂ ನನ್ನ ರೂಮ್‌ಮೇಟೂ ದುಡ್ಡು ಸೇರಿಸಿ ಒಂದು ಡ್ಯುಯಲ್ ಆಕ್ಷನ್ ಪಾಲಿಶರ್ ತಗೊಂಡಿದ್ವಿ. ಹತ್ತಾರು ವಿಡಿಯೋ ನೋಡಿ ತಲೆ ತುಂಬ ಧೈರ್ಯ ತುಂಬ್ಕೊಂಡಿದ್ದೆ. "ಮಾವ, ಪೂಜೆ ಹೊತ್ತಿಗೆ ಹೊಸ ಕಾರಿನ ಥರ ಮಾಡಿಕೊಡ್ಲಾ?" ಅಂದೆ. ಅವರು ಕೀ ಕೊಟ್ಟರು.

ನನ್ನ ಲೆಕ್ಕ ಸರಳವಾಗಿತ್ತು. ಜಾಸ್ತಿ ಕಟ್ ಇರೋ ಪ್ಯಾಡ್ ಹಾಕಿದರೆ ಕೆಲಸ ಬೇಗ ಮುಗಿಯುತ್ತೆ. ಹಾಗಾಗಿ ಮೈಕ್ರೋಫೈಬರ್ ಕಟಿಂಗ್ ಪ್ಯಾಡ್, ಅದರ ಮೇಲೆ ಗಟ್ಟಿ ಕಾಂಪೌಂಡ್. ಪೋರ್ಟಿಕೋದ ಟ್ಯೂಬ್‌ಲೈಟ್ ಕೆಳಗೆ ಎರಡೇ ಸುತ್ತಿಗೆ ಗೆರೆಗಳೆಲ್ಲ ಮಾಯ. ಇಷ್ಟು ಸುಲಭಾನಾ ಅನ್ನಿಸ್ತು. ಮರುದಿನ ಬೆಳಿಗ್ಗೆ ಕಾರನ್ನ ಬಿಸಿಲಿಗೆ ತಂದಾಗ ಬಾನೆಟ್ ಮೇಲೆ ಮಜ್ಜಿಗೆ ನೀರು ಚೆಲ್ಲಿ ಒಣಗಿಸಿದ ಹಾಗೆ ಮಸುಕು. ಮಾವ ಎರಡು ನಿಮಿಷ ಸುಮ್ಮನೆ ನೋಡಿ, "ಲೋ, ಮೊದಲು ಗೆರೆ ಇದ್ವು, ಕಪ್ಪೂ ಇತ್ತು. ಈಗ ಗೆರೆ ಇಲ್ಲ, ಕಪ್ಪೂ ಇಲ್ಲ" ಅಂದರು.

ಗಾಬರಿಯಲ್ಲಿ ಅದೇ ಪ್ಯಾಡಿನಲ್ಲಿ ಇನ್ನೂ ಗಟ್ಟಿಯಾಗಿ ಒತ್ತಿ ಇನ್ನೊಂದು ಸುತ್ತು ಹೊಡೆದೆ. ಮಸುಕು ಹಾಗೇ ಇತ್ತು. ಕೊನೆಗೆ ಮಾವನ ಪರಿಚಯದ ಪೇಂಟಿಂಗ್ ವರ್ಕ್‌ಶಾಪಿನ ಅಣ್ಣನ ಹತ್ತಿರ ಹೋದ್ವಿ. ಅವರು ಬಾನೆಟ್ ನೋಡಲಿಲ್ಲ, ಮೊದಲು ನನ್ನ ಪ್ಯಾಡ್ ಮುಟ್ಟಿ ನೋಡಿದರು. ಆಮೇಲೆ ಒಂದು ಮೆತ್ತನೆ ಫೋಮ್ ಪ್ಯಾಡ್, ಅದಕ್ಕೆ ನಯವಾದ ಪಾಲಿಶ್ ನಾಲ್ಕು ಹನಿ. ಎರಡಡಿ ಚೌಕದಲ್ಲಿ ಐದು ನಿಮಿಷ. ಆ ಚೌಕದಲ್ಲಿ ಮಾತ್ರ ಕಪ್ಪು ವಾಪಸ್ ಬಂತು. "ಗೆರೆ ತೆಗೆಯೋಕೆ ಬಂದವನು ಗೆರೆ ಹಾಕಿ ಹೋಗಬಾರದು ಕಣಪ್ಪ" ಅಂದರು.

ಆ ಒಂದು ಮಾತಿನ ಹಿಂದೆ ಎಷ್ಟು ಎಂಜಿನಿಯರಿಂಗ್ ಇದೆ ಅಂತ ಕಾಲೇಜಿಗೆ ವಾಪಸ್ ಬಂದ ಮೇಲೆ ಕೂತು ಓದಿದೆ. ನಮ್ಮ ಸೆಮಿಸ್ಟರ್‌ನಲ್ಲಿ ಕಲಿತಿದ್ದೇ ಬಹಳಷ್ಟು ಅದರಲ್ಲಿತ್ತು. ಅದನ್ನೇ ಇಲ್ಲಿ ಹಂಚಿಕೊಳ್ತಿದ್ದೀನಿ.

ನಮ್ಮ ಕೈಯಲ್ಲಿರೋದು ಎಷ್ಟು?

ಮೊದಲು ಬಂಡವಾಳ ಎಷ್ಟಿದೆ ನೋಡೋಣ. ಈಗಿನ ಕಾರುಗಳ ಉಕ್ಕಿನ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರ. ತುಕ್ಕು ತಡೆಯೋಕೆ ವಿದ್ಯುತ್ ಹಾಯಿಸಿ ಹಿಡಿಸೋ ಇ-ಕೋಟ್ ಸುಮಾರು 20 ಮೈಕ್ರಾನ್. ಅದರ ಮೇಲೆ ಪ್ರೈಮರ್ 30–40. ಬಣ್ಣ ಕೊಡೋ ಬೇಸ್ ಕೋಟ್ 10–20. ಎಲ್ಲದರ ಮೇಲೆ ಬಣ್ಣವೇ ಇಲ್ಲದ, ಗಾಜಿನಂಥ ಕ್ಲಿಯರ್ ಕೋಟ್ 35–50. ಒಟ್ಟು ಲೆಕ್ಕ ಹಾಕಿದರೆ 100ರಿಂದ 150 ಮೈಕ್ರಾನ್ ಆಸುಪಾಸು.

ನೀವು ಅಸೈನ್‌ಮೆಂಟ್ ಬರೆಯೋ ಎ4 ಹಾಳೆಯ ದಪ್ಪ ಸುಮಾರು 100 ಮೈಕ್ರಾನ್. ಅಂದರೆ ನಾವು ಪಾಲಿಶ್ ಮಾಡೋ ಕ್ಲಿಯರ್ ಕೋಟ್ ಅದರ ಅರ್ಧದಷ್ಟು. ಪಾಲಿಶಿಂಗ್ ಅಂದರೆ ಗೆರೆ ಮುಚ್ಚೋದಲ್ಲ. ಗೆರೆಯ ತಳ ಎಷ್ಟು ಆಳದಲ್ಲಿದೆಯೋ ಅಲ್ಲಿವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸಿ ಮಟ್ಟ ಮಾಡೋದು. ಒಂದು ಸರಿಯಾದ ಕರೆಕ್ಷನ್‌ನಲ್ಲಿ ಹೋಗೋದು ಕೆಲವೇ ಮೈಕ್ರಾನ್, ನಿಜ. ಆದರೆ ಹೋಗಿದ್ದು ವಾಪಸ್ ಬರಲ್ಲ. ಸೂರ್ಯನ ಅತಿನೇರಳೆ ಕಿರಣಗಳಿಂದ ಬಣ್ಣವನ್ನ ಕಾಪಾಡೋದೂ ಇದೇ ಪದರ. ತೀರಾ ತೆಳುವಾದರೆ ಕೆಲವು ವರ್ಷಕ್ಕೆ ಸಿಪ್ಪೆ ಏಳೋಕೆ ಶುರು. ಆಮೇಲೆ ರೀ-ಪೇಂಟ್ ಒಂದೇ ದಾರಿ.

ವರ್ಕ್‌ಶಾಪಿನ ಅಣ್ಣ ಥಿಕ್‌ನೆಸ್ ಗೇಜ್ ಇಟ್ಟು ತೋರಿಸಿದರು. ಪಕ್ಕದ ಫೆಂಡರ್ ಮೇಲೆ 117, ಬಾನೆಟ್ ನಡುವೆ 108. ಅಷ್ಟೂ ನನ್ನ ಕೆಲಸ ಅಲ್ಲದೇ ಇರಬಹುದು, ಹಿಂದಿನ ಮಾಲೀಕರೂ ರಬ್ಬಿಂಗ್ ಮಾಡಿಸಿರಬಹುದು. ಈ ಗೇಜ್ ಎಲ್ಲ ಪದರ ಸೇರಿಸಿ ಒಟ್ಟು ದಪ್ಪ ತೋರಿಸುತ್ತೆ, ಕ್ಲಿಯರ್ ಕೋಟ್ ಮಾತ್ರ ಎಷ್ಟು ಉಳಿದಿದೆ ಅಂತ ಹೇಳಲ್ಲ. ಹಾಗಾಗಿ ಎಷ್ಟು ಬೇಕೋ ಅಷ್ಟೇ ಸವೆಸೋದೇ ಜಾಣತನ. ಪ್ಯಾಡ್ ಆಯ್ಕೆ ಮುಖ್ಯ ಆಗೋದು ಇದಕ್ಕೇ.

ಗೆರೆ ಕಾಣೋದು ಹೇಗೆ, ಮಸುಕು ಕಾಣೋದು ಹೇಗೆ

ಬಿಸಿಲಲ್ಲಿ ಕಾಣೋ ಆ ಗೆರೆಗಳು ದುಂಡಗೆ, ಸೂರ್ಯನ ಪ್ರತಿಬಿಂಬದ ಸುತ್ತ ಸುತ್ತಿದ ಹಾಗೆ ಕಾಣುತ್ತವೆ ಅಲ್ವಾ? ಮನೆಯ ಹಳೇ ಸ್ಟೀಲ್ ತಟ್ಟೆಯನ್ನ ಬಲ್ಬ್ ಕೆಳಗೆ ಹಿಡಿದು ನೋಡಿ, ಅದೇ ಚಿತ್ರ. ತಟ್ಟೆಯನ್ನ ಅಲ್ಲಾಡಿಸಿದರೆ ವೃತ್ತವೂ ಬೆಳಕಿನ ಜೊತೆಗೇ ಓಡುತ್ತೆ. ಕಾರಣ ಇಷ್ಟೇ: ಗೆರೆಗಳು ಎಲ್ಲ ದಿಕ್ಕಿಗೂ ಇವೆ. ಆದರೆ ಬೆಳಕಿಗೆ ಅಡ್ಡವಾಗಿರೋ ಗೆರೆ ಮಾತ್ರ ನಮ್ಮ ಕಣ್ಣಿನ ಕಡೆ ಬೆಳಕು ತಿರುಗಿಸುತ್ತೆ. ಅವೆಲ್ಲ ಸೇರಿ ವೃತ್ತದ ಹಾಗೆ ಕಾಣುತ್ತೆ.

ಮಸುಕು ಬೇರೆ ವಿಷಯ. ಕಣ್ಣಿಗೆ ಕಾಣೋ ಬೆಳಕಿನ ತರಂಗಾಂತರ ಸುಮಾರು 0.4ರಿಂದ 0.7 ಮೈಕ್ರಾನ್. ಅದಕ್ಕೆ ಹೋಲುವಷ್ಟು ಸಣ್ಣ ಗೀರುಗಳು ಲೆಕ್ಕವಿಲ್ಲದಷ್ಟು ಇದ್ದರೆ ಒಂದೊಂದೂ ಬೇರೆಯಾಗಿ ಕಾಣಲ್ಲ. ಎಲ್ಲವೂ ಸೇರಿ ಬೆಳಕನ್ನ ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಡಿಟೇಲಿಂಗ್ ಮಾಡೋರು ಇದನ್ನ ಹೇಜ್ ಅಂತಾರೆ.

ಕಪ್ಪಿನ ಮೇಲೆ ಇದು ಯಾಕೆ ಎದ್ದು ಕಾಣುತ್ತೆ? ಕ್ಲಿಯರ್ ಕೋಟಿನ ವಕ್ರೀಭವನ ಸೂಚ್ಯಂಕ ಸುಮಾರು 1.5. ನೇರ ಬಿದ್ದ ಬೆಳಕಿನಲ್ಲಿ ಅದರ ಮೇಲ್ಮೈ ವಾಪಸ್ ಕಳಿಸೋದು ಸುಮಾರು 4 ಶೇಕಡಾ ಮಾತ್ರ. ಉಳಿದಿದ್ದು ಒಳಗೆ ಹೋಗುತ್ತೆ. ಬಿಳಿ ಕಾರಿನಲ್ಲಿ ಒಳಗಿನ ಬಣ್ಣ ಅದರಲ್ಲಿ ಬಹುಪಾಲನ್ನ ಹಿಂದಕ್ಕೆ ಎಸೆಯುತ್ತೆ. ಆ ಬೆಳಕಿನ ಜಾತ್ರೆಯಲ್ಲಿ ಹೇಜ್ ಕಳೆದುಹೋಗುತ್ತೆ. ಕಪ್ಪು ಕಾರಿನಲ್ಲಿ ಒಳಗೆ ಹೋದ ಬೆಳಕು ಒಳಗೇ ಮುಗಿಯಿತು. ಮೇಲ್ಮೈಯಿಂದ ಚದುರಿದ ಒಂಚೂರು ಬೆಳಕೂ ಬೂದಿ ಬಳಿದ ಹಾಗೆ ಕಾಣುತ್ತೆ. ಮಾವ ಹೇಳಿದ "ಕಪ್ಪೂ ಇಲ್ಲ" ಅನ್ನೋದು ಭೌತಶಾಸ್ತ್ರದ ಪ್ರಕಾರ ಪಕ್ಕಾ ಸರಿ.

ಮೆತ್ತನೆ ಪೇಂಟ್ ಅಂದರೆ?

ಕ್ಲಿಯರ್ ಕೋಟ್ ಒಂದು ಪಾಲಿಮರ್. ಸರಪಳಿಗಳ ನಡುವೆ ಅಡ್ಡ ಕೊಂಡಿಗಳು ಎಷ್ಟು ದಟ್ಟವಾಗಿವೆ, ರಾಳದ ಸ್ವಭಾವ ಏನು, ಎಷ್ಟು ಡಿಗ್ರಿಯಲ್ಲಿ ಬೇಯಿಸಿದ್ದಾರೆ ಅನ್ನೋದರ ಮೇಲೆ ಅದರ ಗಡಸುತನ ನಿಂತಿದೆ. ಫ್ಯಾಕ್ಟರಿಯಲ್ಲಿ ಬರೀ ಬಾಡಿಯನ್ನ ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಬಹುದು. ಆಕ್ಸಿಡೆಂಟ್ ಆದ ಕಾರಿಗೆ ಬೂತ್‌ನಲ್ಲಿ ಪೇಂಟ್ ಮಾಡುವಾಗ ಒಳಗೆ ಪ್ಲಾಸ್ಟಿಕ್, ವೈರಿಂಗ್, ಟೈರ್ ಎಲ್ಲ ಇರುತ್ತೆ. ಹಾಗಾಗಿ 60–80 ಡಿಗ್ರಿಗೇ ನಿಲ್ಲಿಸಬೇಕು. ಹೊಸದಾಗಿ ರೀ-ಪೇಂಟ್ ಆದ ಪ್ಯಾನೆಲ್ ಕೆಲವು ವಾರ ಮೆತ್ತಗಿರೋದು ಇದಕ್ಕೇ.

ಜಪಾನಿ ಕಾರುಗಳ ಪೇಂಟ್ ಮೆತ್ತಗೆ, ಜರ್ಮನ್ ಕಾರುಗಳದ್ದು ಗಟ್ಟಿ ಅಂತ ಡಿಟೇಲಿಂಗ್ ವಲಯದಲ್ಲಿ ಒಂದು ಮಾತು ಓಡಾಡುತ್ತೆ. ಅಂದಾಜಿಗೆ ಸರಿ, ಆದರೆ ಅದನ್ನೇ ನಂಬಿ ಪ್ಯಾಡ್ ಆರಿಸಬೇಡಿ. ಒಂದೇ ಕಂಪನಿಯ ಎರಡು ಬಣ್ಣಗಳೇ ಬೇರೆ ಬೇರೆ ಥರ ಇರಬಹುದು. ಒಂದೇ ಕಾರಿನಲ್ಲಿ ಒಂದು ಬಾಗಿಲು ರೀ-ಪೇಂಟ್ ಆಗಿರಬಹುದು.

ಮೆತ್ತಗಿರೋದು ದೋಷ ಅಂತಲೂ ತಿಳ್ಕೋಬೇಡಿ. ತೀರಾ ಗಡುಸಾದ ಪೇಂಟಿನಲ್ಲಿ ಗೆರೆ ಬಿದ್ದರೆ ತೆಗೆಯೋದು ಹರಸಾಹಸ. ಮೆತ್ತನೆಯದರಲ್ಲಿ ಗೆರೆ ಬೇಗ ಬೀಳುತ್ತೆ, ಬೇಗ ಹೋಗುತ್ತೆ. ತೊಂದರೆ ಏನಂದರೆ, ಆ ಗೆರೆ ತೆಗೆಯೋ ಪ್ಯಾಡೂ ಅಷ್ಟೇ ಸುಲಭವಾಗಿ ತನ್ನ ಗುರುತು ಬಿಟ್ಟು ಹೋಗುತ್ತೆ.

ಇಡೀ ಲೇಖನದ ಸಾರ ಇದು. ಗಟ್ಟಿ ಪೇಂಟಿಗೆ ಪ್ಯಾಡ್ ಆರಿಸುವಾಗ "ಇದು ಎಷ್ಟು ಕಡಿಯುತ್ತೆ?" ಅಂತ ಕೇಳಬೇಕು. ಮೆತ್ತನೆ ಪೇಂಟಿಗೆ "ಇದು ಏನು ಬಿಟ್ಟು ಹೋಗುತ್ತೆ?" ಅಂತ ಕೇಳಬೇಕು.

ಪ್ರೆಸ್ಟನ್ ಸಾಹೇಬರ ಸೂತ್ರ

1927ರಲ್ಲಿ ಎಫ್. ಡಬ್ಲ್ಯೂ. ಪ್ರೆಸ್ಟನ್ ಅನ್ನೋರು ಗಾಜು ಪಾಲಿಶ್ ಮಾಡೋ ಯಂತ್ರಗಳ ಬಗ್ಗೆ ಬರೆಯುತ್ತಾ ಒಂದು ಸರಳ ಸಂಬಂಧ ಕೊಟ್ಟರು:

ಸವೆತದ ದರ = ಸ್ಥಿರಾಂಕ × ಒತ್ತಡ × ಉಜ್ಜುವ ವೇಗ

ವಿಎಲ್‌ಎಸ್‌ಐ ಓದ್ತಿರೋ ಇಸಿ ಗೆಳೆಯರು ಇದನ್ನ ನೋಡಿರ್ತಾರೆ. ಚಿಪ್ ತಯಾರಿಕೆಯಲ್ಲಿ ಸಿಲಿಕಾನ್ ವೇಫರ್ ಮಟ್ಟ ಮಾಡೋ ಸಿಎಂಪಿ ಪ್ರಕ್ರಿಯೆಗೂ ಇದೇ ಸೂತ್ರ ಬಳಸ್ತಾರೆ. ಅಲ್ಲೂ ಪಾಲಿಯುರೆಥೇನ್ ಪ್ಯಾಡ್, ಅಲ್ಲೂ ಸಣ್ಣ ಕಣಗಳ ದ್ರಾವಣ.

ನಮ್ಮ ಕೆಲಸಕ್ಕೆ ಹಾಕಿ ನೋಡೋಣ. ಮಷೀನ್ ಭಾರ ಮತ್ತು ಕೈ ಒತ್ತಡ ಸೇರಿ 5 ಕೆಜಿ ಅಂದುಕೊಳ್ಳಿ. 5 ಇಂಚಿನ ಪ್ಯಾಡಿನ ವಿಸ್ತೀರ್ಣ ಸುಮಾರು 127 ಚದರ ಸೆಂ.ಮೀ. 3 ಇಂಚಿನದು ಸುಮಾರು 46. ಅದೇ 5 ಕೆಜಿಗೆ ಸಣ್ಣ ಪ್ಯಾಡ್ ಕೆಳಗಿನ ಒತ್ತಡ 2.8 ಪಟ್ಟು ಹೆಚ್ಚು. ಬಂಪರ್ ಮೂಲೆಗೆ ಅಂತ ಸಣ್ಣ ಪ್ಯಾಡ್ ಹಾಕಿ, ಕೈ ಮಾತ್ರ ದೊಡ್ಡ ಪ್ಯಾಡಿನ ಅಭ್ಯಾಸದಲ್ಲೇ ಒತ್ತಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ವೇಗ. 150 ಮಿ.ಮೀ. ಪ್ಯಾಡ್ ಹಾಕಿದ ರೋಟರಿ ಮಷೀನ್ 1500 ಆರ್‌ಪಿಎಂನಲ್ಲಿ ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 11.8 ಮೀಟರ್, ನಟ್ಟನಡುವೆ ಸೊನ್ನೆ. ಡ್ಯುಯಲ್ ಆಕ್ಷನ್ ಮಷೀನಿನಲ್ಲಿ ಪ್ಯಾಡ್ 15 ಮಿ.ಮೀ. ವ್ಯಾಸದ ಪುಟ್ಟ ವೃತ್ತದಲ್ಲಿ ಅಲ್ಲಾಡುತ್ತೆ. ನಿಮಿಷಕ್ಕೆ 4000 ಸುತ್ತು ಅಂದರೆ ಸೆಕೆಂಡಿಗೆ ಸುಮಾರು 3.1 ಮೀಟರ್, ಅದೂ ಪ್ಯಾಡಿನ ಪ್ರತಿ ಬಿಂದುವಿಗೂ ಹೆಚ್ಚುಕಡಿಮೆ ಒಂದೇ. ಹೊಸಬರಿಗೆ, ಅದರಲ್ಲೂ ಮೆತ್ತನೆ ಪೇಂಟಿಗೆ, ಡ್ಯುಯಲ್ ಆಕ್ಷನ್ ಯಾಕೆ ಸುರಕ್ಷಿತ ಅನ್ನೋದಕ್ಕೆ ಈ ಎರಡು ಅಂಕಿ ಸಾಕು.

ಆದರೆ ನಾನು ಎಡವಿದ್ದೂ ಇಲ್ಲೇ. ಈ ಸೂತ್ರ ಎಷ್ಟು ಸವೆಯಿತು ಅಂತ ಹೇಳುತ್ತೆ. ಸವೆದ ಮೇಲೆ ಮೇಲ್ಮೈ ಹೇಗಿರುತ್ತೆ ಅಂತ ಹೇಳಲ್ಲ. ಅದಕ್ಕೆ ಒಂದೊಂದು ಕಣದ ಲೆಕ್ಕ ನೋಡಬೇಕು. ಪಾಲಿಶ್‌ನಲ್ಲಿರೋ ಅಲ್ಯುಮಿನಿಯಂ ಆಕ್ಸೈಡ್ ಕಣ ಪೇಂಟಿಗೆ ಎಷ್ಟು ಆಳ ಚುಚ್ಚುತ್ತೆ ಅನ್ನೋದು ಆ ಕಣದ ಮೇಲೆ ಎಷ್ಟು ಭಾರ ಬಿತ್ತು, ಪೇಂಟ್ ಎಷ್ಟು ಗಡುಸು ಅನ್ನೋದರ ಮೇಲೆ ನಿಂತಿದೆ. ಪೇಂಟ್ ಮೆತ್ತಗಾದಷ್ಟೂ ಅದೇ ಭಾರಕ್ಕೆ ಆಳ ಜಾಸ್ತಿ. ಪೇಂಟನ್ನ ನಾವು ಗಟ್ಟಿ ಮಾಡೋಕಾಗಲ್ಲ, ಕಣದ ಮೇಲಿನ ಭಾರ ಇಳಿಸಬಹುದು. ಆ ಭಾರವನ್ನ ಕಣಕ್ಕೆ ದಾಟಿಸೋದು ಪ್ಯಾಡ್.

ಪ್ಯಾಡ್‌ಗಳ ಜಾತಿ

ಉಣ್ಣೆ: ಉದ್ದ ನೂಲು. ಜೋರಾಗಿ ಕಡಿಯುತ್ತೆ, ನೂಲುಗಳ ನಡುವೆ ಗಾಳಿ ಆಡೋದರಿಂದ ಬಿಸಿ ಕಡಿಮೆ. ಗಟ್ಟಿ ಪೇಂಟಿಗೆ, ಸ್ಯಾಂಡಿಂಗ್ ಗುರುತು ತೆಗೆಯೋಕೆ ಒಳ್ಳೇದು. ಮೆತ್ತನೆ ಪೇಂಟಿನ ಮೇಲೆ ಒಂದೊಂದು ನೂಲೂ ಗೆರೆ ಎಳೆಯುತ್ತೆ. ಮನೆಯಲ್ಲಿ ಮಾಡೋರು ಇದನ್ನ ಮರೆತುಬಿಡಿ.

ಮೈಕ್ರೋಫೈಬರ್: ತೆಳುವಾದ ಫೋಮ್ ಮೇಲೆ ಗಿಡ್ಡ ನಾರು. ಸಾವಿರಾರು ನಾರಿನ ತುದಿಗಳು, ಪ್ರತಿ ತುದಿಯೂ ಕಣಗಳನ್ನ ಹಿಡಿದು ಪೇಂಟಿಗೆ ಒತ್ತುತ್ತೆ. ಡ್ಯುಯಲ್ ಆಕ್ಷನ್ ಮಷೀನಿಗೆ ಇದರಷ್ಟು ಬೇಗ ಕಡಿಯೋ ಪ್ಯಾಡ್ ಕಡಿಮೆ. ನನ್ನ ಬಾನೆಟ್ ಮಸುಕಾಗಿದ್ದೂ ಇದರಿಂದಲೇ. ಮೆತ್ತನೆ ಪೇಂಟಿನಲ್ಲಿ ನಿಜವಾಗಲೂ ಆಳವಾದ ಗೆರೆ ಇದ್ದರೆ ಮೊದಲ ಹಂತಕ್ಕೆ ಬಳಸಬಹುದು, ಆದರೆ ಆಮೇಲೆ ಒಂದೋ ಎರಡೋ ಫೋಮ್ ಹಂತ ಕಡ್ಡಾಯ.

ಫೋಮ್: ಮೆತ್ತನೆ ಪೇಂಟಿನವರ ಮನೆದೇವರು. ಇದರಲ್ಲಿ ಮೂರು ದರ್ಜೆ. ಕಟಿಂಗ್ ಫೋಮ್ ಬೆರಳಲ್ಲಿ ಒತ್ತಿದರೆ ಸುಲಭಕ್ಕೆ ಬಗ್ಗಲ್ಲ. ಪಾಲಿಶಿಂಗ್ ಫೋಮ್ ಮಧ್ಯಮ. ಫಿನಿಶಿಂಗ್ ಫೋಮ್ ಒತ್ತಿದರೆ ಮಲ್ಲಿಗೆ ಇಡ್ಲಿ ಥರ ಕುಗ್ಗುತ್ತೆ. ಫೋಮಿನ ರಂಧ್ರಗಳ ಗೋಡೆ ಗಡುಸಾದಷ್ಟೂ ಕಣದ ಮೇಲೆ ಭಾರ ಹೆಚ್ಚು. ಮೆತ್ತಗಾದಷ್ಟೂ ಫೋಮ್ ತಾನೇ ಬಗ್ಗಿ, ಭಾರವನ್ನ ಹರಡಿ, ಕಣವನ್ನ ಹಗುರವಾಗಿ ಓಡಿಸುತ್ತೆ.

ಇಲ್ಲೊಂದು ತಿರುವು ಇದೆ. ಮೆತ್ತನೆ ಫೋಮ್ ತುಂಬಾ ದಪ್ಪ ಇದ್ದರೆ ಮಷೀನಿನ ಅಲ್ಲಾಟವನ್ನ ಫೋಮೇ ನುಂಗಿಬಿಡುತ್ತೆ. ಮೇಲ್ಭಾಗ ಅಲ್ಲಾಡುತ್ತೆ, ಪೇಂಟಿಗೆ ತಾಗಿದ ಮುಖ ಅಷ್ಟು ಅಲ್ಲಾಡಲ್ಲ. 8 ಮಿ.ಮೀ. ಥ್ರೋ ಇರೋ ಸಣ್ಣ ಮಷೀನ್‌ಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತೆ. ಹಾಗಾಗಿ ಪ್ಯಾಡ್ ತೀರಾ ದಪ್ಪ ಬೇಡ. ಹಿಂದಿನ ವೆಲ್ಕ್ರೋ ಪ್ಲೇಟಿಗಿಂತ ಪ್ಯಾಡ್ ಸ್ವಲ್ಪ ದೊಡ್ಡದಿರಲಿ, ಗಟ್ಟಿ ಅಂಚು ಪೇಂಟಿಗೆ ತಾಗದ ಹಾಗೆ.

ಬಣ್ಣ ನೋಡಿ ಮೋಸ ಹೋಗಬೇಡಿ

ಪ್ಯಾಡ್‌ಗಳು ಹಳದಿ, ಕಿತ್ತಳೆ, ನೀಲಿ, ಬಿಳಿ, ಕಪ್ಪು ಅಂತ ಕಾಮನಬಿಲ್ಲಿನ ಹಾಗೆ ಸಿಗುತ್ತವೆ. ರೆಸಿಸ್ಟರ್ ಕಲರ್ ಕೋಡ್ ಥರ ಎಲ್ಲರಿಗೂ ಒಂದೇ ನಿಯಮ ಇರಬೇಕು ಅಂತ ನಾನೂ ಅಂದುಕೊಂಡಿದ್ದೆ. ಇಲ್ಲ. ಅಮೆರಿಕದ ಲೇಕ್ ಕಂಟ್ರಿ ಕಂಪನಿಯ ಫೋಮ್ ಸಾಲಿನಲ್ಲಿ ಹಳದಿ ಅಂದರೆ ಕಟಿಂಗ್, ಚೆನ್ನಾಗಿ ಕಡಿಯೋ ಪ್ಯಾಡ್. ಇಟಲಿಯ ರೂಪೆಸ್ ಕಂಪನಿಯಲ್ಲಿ ನೀಲಿ ಒರಟು, ಹಸಿರು ಮಧ್ಯಮ, ಹಳದಿ ನಯ, ಬಿಳಿ ಅತಿ ನಯ. ಒಂದರ ಹಳದಿ ಇನ್ನೊಂದರ ಹಳದಿಗೆ ಪೂರ್ತಿ ಉಲ್ಟಾ. ಗೆಳೆಯ "ಹಳದಿ ಪ್ಯಾಡ್ ಹಾಕು, ಸೂಪರ್ ಆಗುತ್ತೆ" ಅಂದರೆ ಮೊದಲು "ಯಾವ ಕಂಪನಿಯದು?" ಅಂತ ಕೇಳಿ. ಹೆಸರಿಲ್ಲದ ಸೆಟ್ ತಗೊಂಡಿದ್ದರೆ ಬಣ್ಣ ಬಿಡಿ, ಹೆಬ್ಬೆರಳಲ್ಲಿ ಒತ್ತಿ ನೋಡಿ ಮೆತ್ತನೆಯಿಂದ ಗಟ್ಟಿಗೆ ಸಾಲಾಗಿ ಜೋಡಿಸಿಕೊಳ್ಳಿ. ವರ್ಕ್‌ಶಾಪಿನ ಅಣ್ಣ ನನ್ನ ಪ್ಯಾಡನ್ನ ಮೊದಲು ಮುಟ್ಟಿ ನೋಡಿದ್ದು ಯಾಕೆ ಅಂತ ಈಗ ಅರ್ಥ ಆಯ್ತಾ?

ಆರಿಸೋ ಕ್ರಮ

ಕೆಳಗಿನಿಂದ ಮೇಲಕ್ಕೆ ಹತ್ತಿ, ಮೇಲಿನಿಂದ ಕೆಳಕ್ಕೆ ಇಳಿಯಬೇಡಿ. ಕಾರನ್ನ ಚೆನ್ನಾಗಿ ತೊಳೆದು, ಮೇಲೆ ಅಂಟಿಕೊಂಡಿರೋ ಕೊಳೆಯನ್ನ ಕ್ಲೇ ಬಾರ್‌ನಲ್ಲಿ ತೆಗೆದು, ನೆರಳಿಗೆ ತನ್ನಿ. ಪ್ಯಾನೆಲ್ ಮುಟ್ಟಿದರೆ ತಣ್ಣಗಿರಬೇಕು. ಬಾನೆಟ್ ಮೇಲೆ ಒಂದೂವರೆ ಎರಡಡಿ ಚೌಕವನ್ನ ಮಾಸ್ಕಿಂಗ್ ಟೇಪ್‌ನಲ್ಲಿ ಗುರುತು ಮಾಡಿ. ಅದೇ ಟೆಸ್ಟ್ ಸ್ಪಾಟ್.

ಮೊದಲ ಪ್ರಯತ್ನ: ಫಿನಿಶಿಂಗ್ ಫೋಮ್, ಫಿನಿಶಿಂಗ್ ಪಾಲಿಶ್. ಪ್ಯಾಡ್ ಮುಖಕ್ಕೆಲ್ಲ ತೆಳುವಾಗಿ ಪಾಲಿಶ್ ಸವರಿ, ಮೇಲೆ ಬಟಾಣಿ ಕಾಳಿನಷ್ಟು ಮೂರ್ನಾಲ್ಕು ಹನಿ. ಅರ್ಧ ಪ್ಯಾಡ್ ಅಗಲ ಒಂದರ ಮೇಲೊಂದು ಬರೋ ಹಾಗೆ ಅಡ್ಡಡ್ಡ, ಉದ್ದುದ್ದ ನಾಲ್ಕೈದು ಸುತ್ತು. ಒರೆಸಿ ನೋಡಿ. ಮೆತ್ತನೆ ಪೇಂಟ್ ಆಗಿದ್ದರೆ ಬಹಳಷ್ಟು ಸಲ ಇಷ್ಟಕ್ಕೇ ಮುಕ್ಕಾಲು ಗೆರೆ ಹೋಗಿರುತ್ತೆ. ಆಗ ಅಲ್ಲಿಗೇ ನಿಲ್ಲಿಸಿ.

ಸಾಲದಿದ್ದರೆ ಒಂದೇ ಒಂದು ಅಂಶ ಬದಲಿಸಿ. ಪಾಲಿಶ್ ಅದೇ ಇರಲಿ, ಪ್ಯಾಡ್ ಮಾತ್ರ ಒಂದು ಮೆಟ್ಟಿಲು ಮೇಲಕ್ಕೆ, ಪಾಲಿಶಿಂಗ್ ಫೋಮ್‌ಗೆ. ಅದೂ ಸಾಲದಿದ್ದರೆ ಪ್ಯಾಡ್ ಅದೇ, ಪಾಲಿಶ್ ಒಂದು ಮೆಟ್ಟಿಲು ಮೇಲಕ್ಕೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ಗೊತ್ತಾಗಲ್ಲ. ಲ್ಯಾಬ್‌ನಲ್ಲಿ ಎರಡು ವೇರಿಯೇಬಲ್ ಒಟ್ಟಿಗೆ ಬದಲಿಸಿದರೆ ಬೈಸಿಕೊಳ್ಳಲ್ವಾ, ಹಾಗೇ.

ಮೇಲಿನ ಮೆಟ್ಟಿಲು ಬಳಸಿದ ಮೇಲೆ ಕೊನೆಗೆ ಮತ್ತೆ ಫಿನಿಶಿಂಗ್ ಫೋಮ್‌ಗೆ ಬಂದು ಮುಗಿಸಿ. ಕೊನೆಯ ಎರಡು ಸುತ್ತಿನಲ್ಲಿ ಕೈ ಒತ್ತಡ ಬೇಡ, ಮಷೀನಿನ ಭಾರ ಸಾಕು. ವೇಗವನ್ನೂ ಸ್ವಲ್ಪ ಇಳಿಸಿ. ಅಂಚು, ಮಡಿಕೆ, ಉಬ್ಬು ಗೆರೆಗಳಿಗೆ ಟೇಪ್ ಹಾಕಿ. ಅಲ್ಲಿ ಪೇಂಟ್ ತೆಳು, ಒತ್ತಡವೂ ಅಲ್ಲೇ ಬಂದು ಕೂರುತ್ತೆ.

ಒಂದು ಎಚ್ಚರಿಕೆ. ಪ್ಯಾಡ್ ಮೇಲೆ ಕಾರಿನ ಬಣ್ಣ ಹತ್ತಿದರೆ ತಕ್ಷಣ ನಿಲ್ಲಿಸಿ. ಒಂದೋ ಅದು ಕ್ಲಿಯರ್ ಕೋಟ್ ಇಲ್ಲದ ಹಳೇ ಕಾಲದ ಸಿಂಗಲ್ ಸ್ಟೇಜ್ ಪೇಂಟ್, ಇಲ್ಲವೇ ಕ್ಲಿಯರ್ ಕೋಟ್ ದಾಟಿ ನೀವು ಬಣ್ಣಕ್ಕೇ ಬಂದುಬಿಟ್ಟಿದ್ದೀರಿ.

ಗುರುತು ಓದೋದು

ಪಾಲಿಶ್‌ನಲ್ಲಿರೋ ಎಣ್ಣೆ ಗೀರುಗಳೊಳಗೆ ಕೂತು ಅವನ್ನ ಮರೆಮಾಡುತ್ತೆ. ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದ ಮೇಲೆಯೇ ನಿಜ ಬಣ್ಣ ತಿಳಿಯೋದು. ಹೊಸ ರೀ-ಪೇಂಟ್ ಮೇಲೆ ಮಾತ್ರ ಇದು ಬೇಡ, ಪೇಂಟ್ ಮೆತ್ತಗಾಗಬಹುದು. ಟ್ಯೂಬ್‌ಲೈಟ್ ನಂಬಬೇಡಿ, ಅದರ ಹರಡಿದ ಬೆಳಕು ಎಲ್ಲವನ್ನೂ ಮುಚ್ಚುತ್ತೆ. ನಾನು ಮೋಸಹೋಗಿದ್ದು ಹಾಗೇ. ಮೊಬೈಲ್ ಟಾರ್ಚ್ ಹಿಡಿಯಿರಿ, ಆಮೇಲೆ ಬಿಸಿಲಿಗೆ ತನ್ನಿ.

ಏನಾದರೂ ಉಳಿದಿದ್ದರೆ ಅದರ ಆಕಾರ ನೋಡಿ. ಪುಟ್ಟ ಪುಟ್ಟ ಅಲ್ಪವಿರಾಮದ ಥರ ಬಾಗಿದ ಗುರುತು ಇದ್ದರೆ ಅದು ಡ್ಯುಯಲ್ ಆಕ್ಷನ್ ಪ್ಯಾಡಿನದು, ಪ್ಯಾಡ್ ಜೋರಾಯ್ತು ಅಥವಾ ಕೊಳೆಯಾಗಿದೆ. ಬೆಳಕು ಸರಿದ ಹಾಗೆ ತೇಲೋ ಉದ್ದನೆ ಕಮಾನುಗಳಿದ್ದರೆ ರೋಟರಿ ಬಿಟ್ಟ ಹೊಲೋಗ್ರಾಂ. ನೀವು ಒರೆಸಿದ ದಿಕ್ಕಿನಲ್ಲೇ ನೇರ ಗೆರೆಗಳಿದ್ದರೆ ತಪ್ಪು ಪ್ಯಾಡಿನದಲ್ಲ, ಟವೆಲ್‌ನದು! ಮೆತ್ತನೆ ಪೇಂಟಿನಲ್ಲಿ ಎಷ್ಟೋ ಜನ ಟವೆಲ್ ಮಾಡಿದ ತಪ್ಪಿಗೆ ಪ್ಯಾಡ್ ಬದಲಿಸುತ್ತಾ ಹೋಗಿ, ಸುಮ್ಮನೆ ಕ್ಲಿಯರ್ ಕೋಟ್ ಸವೆಸ್ತಾರೆ. ಒಗೆದ, ದಟ್ಟ ಎಳೆಯ ಮೈಕ್ರೋಫೈಬರ್ ಬಟ್ಟೆಯಲ್ಲಿ, ಒತ್ತದೆ, ಬೂದಿ ಎತ್ತಿದ ಹಾಗೆ ಒರೆಸಿ.

ಎಷ್ಟು ಪ್ಯಾಡ್ ಬೇಕು?

ಹಾಸ್ಟೆಲ್ ಬಜೆಟ್‌ನವರಿಗೆ ಇದು ಮುಖ್ಯ. ಒಂದೊಂದು ದರ್ಜೆಯದು ಒಂದೊಂದು ಅಂತ ತಗೋಬೇಡಿ. ಮೆತ್ತನೆ ಪೇಂಟಿನ ಒಂದು ಕಾರಿಗೆ ಆರು ಪ್ಯಾಡ್ ಅಂದರೆ ನನ್ನ ಲೆಕ್ಕ: ನಾಲ್ಕು ಫಿನಿಶಿಂಗ್, ಎರಡು ಪಾಲಿಶಿಂಗ್. ಕಟಿಂಗ್ ಪ್ಯಾಡನ್ನ ಟೆಸ್ಟ್ ಸ್ಪಾಟ್ ಕೇಳಿದಾಗ ಮಾತ್ರ ತಂದರಾಯ್ತು.

ನಾಲ್ಕು ಯಾಕೆ? ಸವೆದ ಪೇಂಟಿನ ಪುಡಿ, ಒಣಗಿದ ಪಾಲಿಶ್ ಎಲ್ಲ ಫೋಮಿನ ರಂಧ್ರಗಳಲ್ಲಿ ತುಂಬಿಕೊಳ್ಳುತ್ತೆ. ತುಂಬಿದ ಫೋಮ್ ಗಟ್ಟಿಯಾಗುತ್ತೆ, ಪುಡಿ ಉಂಡೆಕಟ್ಟಿ ಗೀರು ಹಾಕುತ್ತೆ. ಅಂದರೆ ನೀವು ಮೆತ್ತನೆ ಪ್ಯಾಡ್ ಅಂದುಕೊಂಡು ಬಳಸ್ತಿರೋದು ಅರ್ಧ ಗಂಟೆಯ ಮೇಲೆ ಮೆತ್ತಗೇ ಇರಲ್ಲ. ಪ್ರತಿ ಚೌಕ ಮುಗಿದ ಮೇಲೆ ನೈಲಾನ್ ಬ್ರಷ್‌ನಲ್ಲಿ ಪ್ಯಾಡ್ ಮುಖ ಉಜ್ಜಿ, ಎರಡು ಪ್ಯಾನೆಲ್‌ಗೊಮ್ಮೆ ಪ್ಯಾಡ್ ಬದಲಿಸಿ. ಕೆಲಸ ಮುಗಿದ ಮೇಲೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಒಂದೆರಡು ಹನಿ ಹಾಕಿ ಹಿಂಡಿ, ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಹಿಂದಿನ ವೆಲ್ಕ್ರೋದ ಅಂಟು ಬಿಡಬಹುದು. ಒಣಗಿದ ಮೇಲೆ ಜಿಪ್ ಕವರ್‌ನಲ್ಲಿಡಿ. ಪ್ಯಾಡ್ ನೆಲಕ್ಕೆ ಬಿದ್ದರೆ ಕೊಡವಿ ಮತ್ತೆ ಹಾಕಬೇಡಿ. ಒಂದೇ ಒಂದು ಮರಳಿನ ಕಣ ಸಾಕು.

ಮೊದಲ ಪ್ರಯೋಗಕ್ಕೆ ಮನೆಯವರ ಕಾರು ಬೇಡ. ಗುಜರಿಯಿಂದ ಒಂದು ಹಳೇ ಬಾನೆಟ್ಟೋ ಬಾಗಿಲೋ ತನ್ನಿ, ಕಪ್ಪಾದರೆ ಇನ್ನೂ ಒಳ್ಳೇದು. ಬೇಕೆಂದೇ ಒಂದು ಮೂಲೆಯಲ್ಲಿ ಕ್ಲಿಯರ್ ಕೋಟ್ ದಾಟಿಸಿ ನೋಡಿ. ಎಷ್ಟು ಬೇಗ ದಾಟುತ್ತೆ ಅಂತ ಒಮ್ಮೆ ಕಣ್ಣಾರೆ ಕಂಡರೆ ಕೈ ತಾನಾಗೇ ಹಗುರ ಆಗುತ್ತೆ.

ಆ ಹಾಸನದ ಬಾನೆಟ್ಟು? ಉಳಿದ ಭಾಗವನ್ನ ಅಣ್ಣನ ಎದುರೇ ಕೂತು ಮೆತ್ತನೆ ಫೋಮ್‌ನಲ್ಲಿ ನಾನೇ ಮುಗಿಸಿದೆ. ಇಡೀ ಮಧ್ಯಾಹ್ನ ಹಿಡಿಯಿತು. ಬೇರೆ ಪ್ಯಾನೆಲ್‌ಗಳಿಗೆ ಕಟಿಂಗ್ ಪ್ಯಾಡ್ ತಾಗಿಸಲೇ ಇಲ್ಲ, ಫಿನಿಶಿಂಗ್ ಫೋಮ್ ಒಂದರಲ್ಲೇ ಸಾಕಾಯ್ತು. ಅಲ್ಲಲ್ಲಿ ಆಳದ ಒಂದೆರಡು ಗೆರೆ ಉಳಿದವು, ಉಳಿಯಲಿ ಅಂತ ಬಿಟ್ಟೆ. ಪೂಜೆ ದಿನ ಕುಂಕುಮ ಇಟ್ಟು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ, ಮಾವ ಕಾರನ್ನ ಬಿಸಿಲಿಗೆ ತಂದರು. ಬಾನೆಟ್ ಸುತ್ತ ಒಂದು ಸುತ್ತು ಬಂದು, ಏನೂ ಹೇಳದೆ ಒಳಗೆ ಹೋದರು. ಮರುದಿನ ಬೆಳಿಗ್ಗೆ ನೋಡಿದರೆ ಒಣಬಟ್ಟೆ ಕೈಯಲ್ಲಿರಲಿಲ್ಲ, ಬಕೆಟ್ ನೀರು, ಶಾಂಪೂ ಹಿಡ್ಕೊಂಡು ನಿಂತಿದ್ದರು.

"ನೋಡ್ತಾ ಏನ್ ನಿಂತ್ಕೊಂಡಿದೀಯ, ಪೈಪ್ ಹಿಡ್ಕೋ ಬಾ" ಅಂದರು.